ಅರೇಬಿಕಾ ಮುಗಿದು ರೊಬಸ್ಟಾ ಹಣ್ಣಾಗುವುದರೊಳಗೆ ದೆಹಲಿ

ಕಾಫಿ ತೋಟ ಇಟ್ಟುಕೊಂಡವರು ಚಳಿಗಾಲದಲ್ಲಿ ಪ್ರವಾಸಕ್ಕೆ ಹೊರಡುವುದು ಸುಲಭವಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಜಾತಿಯ ಕಾಫಿಯ ಕುಯ್ಲು ಹಿಡಿದರೆ ಹೊಸ ವರ್ಷದವರೆಗೂ ಬಿಡುವಿಲ್ಲ, ಜನವರಿ ಕೊನೆಯ ಹೊತ್ತಿಗೆ ಇನ್ನೊಂದು ಜಾತಿಯಾದ ರೊಬಸ್ಟಾ ಹಣ್ಣಾಗಿ ನಿಂತಿರುತ್ತದೆ. ಇವೆರಡರ ನಡುವೆ, ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಕಣದಲ್ಲಿ ಒಣಗುವ ಕೆಲವು ದಿನಗಳಷ್ಟೇ ಚಿಕ್ಕಮಗಳೂರಿನ ನಮ್ಮಂಥ ಸಣ್ಣ ಬೆಳೆಗಾರರ ಕೈಗೆ ಸಿಗುತ್ತವೆ. ಕಣದ ಹೊಣೆಯನ್ನು ತಮ್ಮ ವಹಿಸಿಕೊಂಡದ್ದರಿಂದ ನಾನೂ ನನ್ನ ಪತ್ನಿಯೂ ಆ ಬಿಡುವಿನಲ್ಲಿ ದೆಹಲಿಯನ್ನು ನೋಡಿಬಂದೆವು.

ಸಂಕ್ರಾಂತಿ ಕಳೆದ ಮೇಲೆ ಹೋಗೋಣವೆಂದು ಪತ್ನಿ ಹೇಳಿದರೂ ನಾನು ಸಂಕ್ರಾಂತಿಗೆ ಮೊದಲೇ ಹೋಗಿಬರಬೇಕೆಂದು ಪಟ್ಟು ಹಿಡಿದೆ. ಗಣರಾಜ್ಯೋತ್ಸವ ಸಮೀಪಿಸಿದಂತೆ ಕರ್ತವ್ಯಪಥದಲ್ಲಿ ಪಥಸಂಚಲನದ ತಾಲೀಮು ನಡೆದು ರಸ್ತೆಗಳು ಮುಚ್ಚುತ್ತವೆ, ಕೆಂಪುಕೋಟೆಗೂ ಆ ದಿನಗಳಲ್ಲಿ ಸಾರ್ವಜನಿಕರನ್ನು ಬಿಡುವುದಿಲ್ಲ. ಬೇಗ ಹೋದರೆ ಮಂಜು ಹೆಚ್ಚು ಎಂಬುದು ನಿಜ. ಅದಕ್ಕೆ ತಕ್ಕಂತೆ ಟಿಕೆಟ್ ತೆಗೆದುಕೊಂಡೆವು. ದೆಹಲಿಯಲ್ಲಿ ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಬೆಳಗಿನ ವಿಮಾನಗಳು ತಡವಾಗುವುದು ಸಾಮಾನ್ಯವಾದ್ದರಿಂದ ಹೋಗುವುದನ್ನೂ ಬರುವುದನ್ನೂ ನಡುಮಧ್ಯಾಹ್ನಕ್ಕೆ ಇಟ್ಟುಕೊಂಡೆವು. ಬೇಲೂರು, ಹಾಸನ, ಕುಣಿಗಲ್ ದಾರಿಯಲ್ಲಿ ನೆಲಮಂಗಲ ತಲುಪಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರು ಪೇಟೆಯ ಒಳಹೊಕ್ಕುವ ಗೋಜಿಲ್ಲ. ವಿಮಾನ ಹಿಡಿಯುವ ನಮ್ಮ ಕಡೆಯವರಿಗೆ ಈ ದಾರಿಯನ್ನೇ ಹೇಳುತ್ತೇನೆ.

ಮುಳ್ಳಯ್ಯನಗಿರಿಯ ಮಂಜನ್ನು ಕಂಡವರಿಗೆ ದೆಹಲಿಯ ಮಂಜು ಏನು ಮಹಾ ಎನಿಸಬಹುದು. ನಮ್ಮದು ಗಾಳಿ ಬೀಸಿದರೆ ಸರಿದುಹೋಗುವ ಮೋಡ, ಅಲ್ಲಿಯದು ಗಾಳಿಯೇ ಆಡದ ರಾತ್ರಿಯಲ್ಲಿ ನೆಲದ ಮೇಲೆ ಕುಳಿತು ಹೊಗೆಯನ್ನೂ ಧೂಳನ್ನೂ ಹಿಡಿದಿಟ್ಟುಕೊಳ್ಳುವಂಥದು. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳೂಕಾಲರ ಸುಮಾರಿಗೆ, ಮಂಜು ಕರಗಿ ಬಿಸಿಲು ನೆಲ ಮುಟ್ಟುವಾಗ ಹತ್ತೋ ಹನ್ನೊಂದೋ ಗಂಟೆ, ಸಂಜೆ ಐದೂಮುಕ್ಕಾಲಕ್ಕೆಲ್ಲ ಕತ್ತಲು. ಅಂದರೆ ಬಯಲಿನಲ್ಲಿರುವ ಸ್ಮಾರಕಗಳನ್ನು ಕಣ್ತುಂಬ ನೋಡಲು ದಿನಕ್ಕೆ ಐದಾರು ಗಂಟೆ ದೊರೆತರೆ ಹೆಚ್ಚು. ನಾವು ನಮ್ಮ ತಿರುಗಾಟವನ್ನು ಈ ಲೆಕ್ಕದ ಮೇಲೆಯೇ ಕಟ್ಟಿದೆವು: ಬೆಳಿಗ್ಗೆ ಸೂರಿನ ಕೆಳಗಿನ ಜಾಗ, ನಡುಹಗಲು ಒಂದೇ ದಿಕ್ಕಿನ ಸ್ಮಾರಕ, ಕತ್ತಲಾದ ಮೇಲೆ ಬೇಕಿದ್ದರೆ ಪೇಟೆ. ಗಾಳಿ ಕೆಟ್ಟಿರುವ ಬೆಳಗುಗಳಲ್ಲಿ ಮುಖಗವಸು ಹಾಕಿಕೊಂಡೇ ಹೊರಟೆವು.

ಈ ಲೆಕ್ಕದಿಂದಾಗಿಯೇ ಆಗ್ರಾವನ್ನು ಕೈಬಿಟ್ಟೆವು. ದೆಹಲಿಯವರೆಗೆ ಹೋಗಿ ತಾಜಮಹಲು ನೋಡದೆ ಬಂದಿರಾ ಎಂದು ಊರಿನಲ್ಲಿ ಕೇಳದವರಿಲ್ಲ. ಮಂಜಿನ ಹೆದ್ದಾರಿಯಲ್ಲಿ ಬೆಳಗಿನ ಜಾವ ಜೀವ ಕೈಯಲ್ಲಿ ಹಿಡಿದು ಹೋಗಿ, ಅಲ್ಲಿಯೂ ಮಂಜೇ ಕವಿದಿದ್ದರೆ ಅರ್ಧ ಗುಮ್ಮಟ ನೋಡಿಕೊಂಡು ಬರುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಅದರ ಬದಲು ಹುಮಾಯೂನನ ಸಮಾಧಿಯಲ್ಲಿ ಇಡೀ ಮಧ್ಯಾಹ್ನ ಕಳೆದೆವು. ತಾಜಮಹಲಿಗಿಂತ ಸುಮಾರು ಎಂಬತ್ತು ವರ್ಷ ಮೊದಲು ಕಟ್ಟಿದ ಈ ಕಟ್ಟಡದಲ್ಲಿ ಕೆಂಪು ಮರಳುಗಲ್ಲಿನ ನಡುವೆ ಬಿಳಿಯ ಅಮೃತಶಿಲೆಯ ಪಟ್ಟಿಗಳು, ನೀರಿನ ಕಾಲುವೆಗಳು ನಾಲ್ಕಾಗಿ ಭಾಗ ಮಾಡಿದ ತೋಟ, ಎತ್ತರದ ಜಗಲಿ, ಎಲ್ಲವೂ ಹದವಾಗಿವೆ. ಪಕ್ಕದಲ್ಲಿಯೇ ಸುಂದರ್ ನರ್ಸರಿ ಎಂಬ ವಿಶಾಲ ಉದ್ಯಾನವಿದೆ. ಚಳಿಗಾಲದ ಮಧ್ಯಾಹ್ನ ದೆಹಲಿಯ ಸಂಸಾರಗಳು ಅಲ್ಲಿ ಚಾಪೆ ಹಾಸಿ, ಕಿತ್ತಳೆ ಸುಲಿಯುತ್ತ, ಕಡಲೆಕಾಯಿ ತಿನ್ನುತ್ತ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿರುತ್ತವೆ. ನಾವೂ ಹಾಗೆಯೇ ಕುಳಿತೆವು.

ಕುತುಬ್ ಮಿನಾರಿಗೆ ಹೋಗಲು ಹಳದಿ ಮಾರ್ಗದ ಮೆಟ್ರೋದಲ್ಲಿ ಅದೇ ಹೆಸರಿನ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿಯಬೇಕು. 72.5 ಮೀಟರ್ ಎತ್ತರದ ಮಿನಾರನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ, ಆದರೆ ಬೇಲೂರು, ಹಳೇಬೀಡುಗಳ ಸುತ್ತ ಬೆಳೆದವರ ಕಣ್ಣು ಪಕ್ಕದ ಮಸೀದಿಯ ಕಂಬಗಳಿಗೇ ಹೋಗುತ್ತದೆ. 27 ದೇವಾಲಯಗಳ ಕಲ್ಲುಗಳನ್ನು ತಂದು ಅದನ್ನು ಕಟ್ಟಿದುದಾಗಿ ಅಲ್ಲಿಯ ಶಾಸನವೇ ಹೇಳುತ್ತದೆ. ಸರಪಳಿ, ಗಂಟೆ, ಕಳಶಗಳ ಕೆತ್ತನೆ ಇಂದಿಗೂ ಸ್ಪಷ್ಟವಾಗಿದೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ, ಮಿನಾರಿನ ಕೆಲಸ ಶುರುವಾದದ್ದು ಅದಾದ ಎಂಬತ್ತು ವರ್ಷಗಳ ಆಚೀಚೆ. ನಮ್ಮ ಬಳಪದ ಕಲ್ಲಿನ ಕಂಬಗಳಲ್ಲಿರುವ ನುಣುಪು ಇಲ್ಲಿನ ಕಲ್ಲಿಗೆ ಬರದು, ಆದರೆ ಕಂಬದ ಮೇಲೆ ಕಂಬ ನಿಲ್ಲಿಸಿ ಎತ್ತರ ಸಾಧಿಸಿದ ರೀತಿ ಗಮನಿಸಬೇಕಾದದ್ದು. ಅಂಗಳದ ಕಬ್ಬಿಣದ ಸ್ತಂಭ ಗುಪ್ತರ ಕಾಲದ್ದು, ಆರು ಟನ್ನಿಗೂ ಮೇಲ್ಪಟ್ಟ ತೂಕದ್ದು. ಕಬ್ಬಿಣದಲ್ಲಿರುವ ರಂಜಕದ ಅಂಶದಿಂದ ಮೇಲೆ ತೆಳುವಾದ ಪೊರೆ ಕಟ್ಟಿಕೊಂಡು ಅದು ತುಕ್ಕಿನಿಂದ ಉಳಿದಿದೆ ಎನ್ನುತ್ತಾರೆ ಲೋಹಶಾಸ್ತ್ರಜ್ಞರು. ಈಗ ಸುತ್ತ ಬೇಲಿಯಿದ್ದು ಯಾರೂ ಮುಟ್ಟುವಂತಿಲ್ಲ, ಅದು ಒಳ್ಳೆಯದೇ ಆಯಿತು.

ಮಂಜು ದಟ್ಟವಾಗಿದ್ದ ಒಂದು ಬೆಳಿಗ್ಗೆ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋದೆವು. ಸೋಮವಾರ ಅದಕ್ಕೂ ರಜೆ, ಕೆಂಪುಕೋಟೆಗೂ ರಜೆ, ಹೀಗಾಗಿ ಕುತುಬ್ ಮಿನಾರ್, ಹುಮಾಯೂನನ ಸಮಾಧಿ ಇವುಗಳಲ್ಲಿ ಒಂದನ್ನು ಸೋಮವಾರಕ್ಕೆ ಮೀಸಲಿಡುವುದು ಜಾಣತನ. ಮೊಹೆಂಜೊದಾರೊದ ನರ್ತಕಿಯನ್ನು ಪುಸ್ತಕದಲ್ಲಿ ಕಂಡವರಿಗೆ ಅದು ಬರೀ ಹತ್ತೂವರೆ ಸೆಂಟಿಮೀಟರ್ ಎತ್ತರದ್ದು ಎಂಬುದೇ ಮೊದಲ ಅಚ್ಚರಿ. ಎಡಗೈ ತುಂಬ ಬಳೆ ತೊಟ್ಟು ಸೊಂಟದ ಮೇಲೆ ಬಲಗೈ ಇಟ್ಟ ಆ ನಿಲುವಿನ ಮುಂದೆ ನನ್ನ ಪತ್ನಿ ಬಹಳ ಹೊತ್ತು ನಿಂತಳು. ಬೇಲೂರಿನ ಮದನಿಕೆಯರಿಗೆ ಇಷ್ಟು ಠೀವಿ ಇಲ್ಲ ಎಂಬುದು ಅವಳ ತೀರ್ಪು, ನಾನು ಒಪ್ಪಲಿಲ್ಲ.

ಕೆಂಪುಕೋಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1857ರ ನಂತರ ಬ್ರಿಟಿಷರು ಒಳಗಿನ ಅರಮನೆಗಳಲ್ಲಿ ಬಹುಪಾಲನ್ನು ಕೆಡವಿ ಸೈನಿಕರ ವಸತಿ ಕಟ್ಟಿದ್ದರಿಂದ ಹೊರಗಿನ ಗೋಡೆಯ ಭವ್ಯತೆ ಒಳಗೆ ಉಳಿದಿಲ್ಲ. ಅದರ ಎದುರಿನ ಚಾಂದನಿ ಚೌಕ ಮಾತ್ರ ಬೇರೆಯೇ ಲೋಕ. ಹಗಲು ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಬೀದಿಯನ್ನು ಫತೇಪುರಿ ಮಸೀದಿಯವರೆಗೆ ನಡೆದು ದಾಟಿದರೆ ಖಾರಿ ಬಾವಲಿ ಎಂಬ ಸಾಂಬಾರ ಪದಾರ್ಥಗಳ ಸಗಟು ಪೇಟೆ ಸಿಗುತ್ತದೆ. ಪ್ರವಾಸದಲ್ಲಿ ನನಗೆ ಅತ್ಯಂತ ಹಿಡಿಸಿದ ಜಾಗವಿದು. ನಮ್ಮ ತೋಟದ ಸಿಲ್ವರ್ ಮರಗಳಿಗೆ ಹಬ್ಬಿಸಿದ ಬಳ್ಳಿಯ ಕಾಳುಮೆಣಸು ವ್ಯಾಪಾರಿಯ ಕೈ ಸೇರಿದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಇಲ್ಲಿ ಅಂಗಡಿಯ ಬಾಯಲ್ಲಿ ಚೀಲಗಳು ಬಾಯ್ತೆರೆದು ಕುಳಿತಿರುತ್ತವೆ, ಗಾತ್ರಕ್ಕೊಂದು ದರ, ಜಾತಿಗೊಂದು ದರ. ಒಂದು ಹಿಡಿ ಎತ್ತಿಕೊಂಡು ಜೊಳ್ಳೆಷ್ಟು, ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ) ಎಷ್ಟಿರಬಹುದು ಎಂದು ಅಂದಾಜು ಮಾಡುತ್ತ, ನನ್ನ ಹರಕುಮುರುಕು ಹಿಂದಿಯಲ್ಲಿ ದರ ವಿಚಾರಿಸುತ್ತ ಅಂಗಡಿಯಿಂದ ಅಂಗಡಿಗೆ ಅಲೆದೆ. ಮೆಣಸಿನಕಾಯಿಯ ಘಾಟಿಗೆ ಸೀನಿ ಸೀನಿ ಸುಸ್ತಾದ ಪತ್ನಿ, ಮಾರಲು ಬಂದಿದ್ದೀರೋ ನೋಡಲು ಬಂದಿದ್ದೀರೋ ಎಂದು ಕೇಳಿ ಒಣಹಣ್ಣಿನ ಅಂಗಡಿಗೆ ಹೋಗಿ ಕುಳಿತಳು. ಭಾನುವಾರ ಈ ಪೇಟೆ ಬಹುತೇಕ ಮುಚ್ಚಿರುತ್ತದೆ.

ತಿನ್ನುವುದರಲ್ಲಿ ಚಳಿಗಾಲಕ್ಕೇ ಮೀಸಲಾದದ್ದನ್ನು ಹುಡುಕಿ ತಿಂದೆವು. ಹಾಲನ್ನು ಕಡೆದು ತೆಗೆದ ನೊರೆಗೆ ಕೇಸರಿ, ಪಿಸ್ತಾ, ಸಕ್ಕರೆ ಸೇರಿಸಿ ಕೊಡುವ ದೌಲತ್ ಕೀ ಚಾಟ್ ಚಾಂದನಿ ಚೌಕದ ಗಲ್ಲಿಗಳಲ್ಲಿ ಈ ತಿಂಗಳುಗಳಲ್ಲಿ ಮಾತ್ರ ಸಿಗುತ್ತದೆ, ಬಿಸಿಲೇರಿದರೆ ನೊರೆ ಇಳಿಯುತ್ತದೆ. ಕೆಂಡದಲ್ಲಿ ಸುಟ್ಟು ನಿಂಬೆರಸ, ಮಸಾಲೆ ಹಾಕಿದ ಗೆಣಸು, ಕೆಂಪು ಗಜ್ಜರಿಯ ಹಲ್ವ ಕೂಡ ಸೊಗಸು. ಕಾಫಿಯ ಊರಿನವನಾದರೂ ಹೇಳುತ್ತೇನೆ, ಆ ಚಳಿಗೆ ಶುಂಠಿ ಜಜ್ಜಿ ಹಾಕಿದ ಚಹಾವೇ ಸರಿ.

ಬಟ್ಟೆಯ ವಿಷಯದಲ್ಲಿ ಒಂದು ದಪ್ಪ ಕೋಟಿಗಿಂತ ಒಳಗೆ ಉಷ್ಣ ಹಿಡಿಯುವ ತೆಳು ಉಡುಪು, ಮೇಲೆ ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ, ಉಣ್ಣೆಯ ಕಾಲುಚೀಲ ಇವು ಮೇಲು, ಏಕೆಂದರೆ ಮಧ್ಯಾಹ್ನ ಒಂದೊಂದಾಗಿ ಬಿಚ್ಚಬೇಕಾಗುತ್ತದೆ. ಕೋಣೆ ಕಾದಿರಿಸುವಾಗ ಹೀಟರ್ ಉಂಟೇ ಎಂದು ಫೋನಿನಲ್ಲಿಯೇ ಕೇಳಿ ಖಚಿತಪಡಿಸಿಕೊಂಡಿದ್ದೆ. ಕುಯ್ಲಿನ ಹಂಗಿಲ್ಲದವರು ಫೆಬ್ರವರಿಯಲ್ಲಿ ಹೋಗುವುದು ಇನ್ನೂ ಒಳಿತು. ಆಗ ಮಂಜಿನ ಕಾಟ ತಗ್ಗಿರುತ್ತದೆ, ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ಸಾರ್ವಜನಿಕರಿಗೆ ತೆರೆದಿರುತ್ತದೆ. ನಮಗೆ ಆ ಹೊತ್ತಿಗೆ ರೊಬಸ್ಟಾ ಕುಯ್ಲು, ಅದರ ಬೆನ್ನಿಗೇ ಮೆಣಸು.