ಬೇಸ್‌ಬಾಲ್ ಡ್ರಾಫ್ಟ್: ಹೆಸರು ಆಮೇಲೆ, ಲೆಕ್ಕ ಮೊದಲು

ಪ್ರತಿ ಜುಲೈನಲ್ಲಿ ನಮ್ಮ ಗೆಳೆಯರ ಗುಂಪು ಅಣಕು ಡ್ರಾಫ್ಟ್ ಆಡುತ್ತದೆ. ಡ್ರಾಫ್ಟ್ ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ. ಒಬ್ಬೊಬ್ಬರು ಅಮೆರಿಕದ ಒಂದೊಂದು ಬೇಸ್‌ಬಾಲ್ ತಂಡ ಹಿಡಿದು, ಶಾಲೆ ಕಾಲೇಜಿನ ಹುಡುಗರನ್ನು ಆರಿಸಬೇಕು. ಎಲ್ಲರೂ ಐಪಿಎಲ್ ಹರಾಜಿನ ಚಟ ಹತ್ತಿದವರು. ಹಾಗಾಗಿ ಎಲ್ಲರೂ ಒಂದೇ ಥರ ಎಡವುತ್ತಾರೆ. ದೊಡ್ಡ ಹೆಸರು ಕಂಡ ಕೂಡಲೇ ಕೈ ಎತ್ತುತ್ತಾರೆ, ಆರನೇ ಸುತ್ತಿಗೆ ಬರುವಷ್ಟರಲ್ಲಿ ಜೇಬು ಖಾಲಿ. ತಂಡಗಳು ಹಾಗೆ ಮಾಡುವುದಿಲ್ಲ. ಅವರು ಮಾಡುವ ರೀತಿ ಇದು.

ಮೊದಲು ನಿಯಮ, ಬೇಗ ಮುಗಿಸೋಣ. ಇಲ್ಲಿ ಬಿಡ್ಡಿಂಗ್ ಇಲ್ಲ. ಸರದಿ ಪ್ರಕಾರ ಒಂದು ತಂಡ ಒಬ್ಬನ ಹೆಸರು ಹೇಳಿದರೆ, ಅವನು ಆ ತಂಡದ ಜೊತೆ ಮಾತ್ರ ಚೌಕಾಸಿ ಮಾಡಬಹುದು. ಒಟ್ಟು 20 ಸುತ್ತು. ಸೋತ ತಂಡಗಳಿಗೆ ಮೊದಲ ಸರದಿ ಸಿಗುತ್ತದೆ, ಆದರೆ 2023ರಿಂದ ಮೊದಲ ಆರು ಸ್ಥಾನಕ್ಕೆ ಲಾಟರಿ ಎತ್ತುತ್ತಾರೆ. ಹೈಸ್ಕೂಲ್ ಮುಗಿಸಿದವರು, ಕಾಲೇಜಿನಲ್ಲಿ ಮೂರು ವರ್ಷ ಕಳೆದವರು ಅಥವಾ 21 ತುಂಬಿದವರು ಅರ್ಹರು.

ಎರಡನೆಯದು: ತಂಡದಲ್ಲಿ ಯಾವ ಜಾಗ ಖಾಲಿ ಇದೆ ಎಂದು ನೋಡಲೇಬೇಡಿ. ಇಂದು ಆರಿಸಿದ ಹುಡುಗ ಮೈನರ್ ಲೀಗ್ ಎಂಬ ಕೆಳಹಂತದ ಲೀಗ್‌ಗಳಲ್ಲಿ ವರ್ಷಗಟ್ಟಲೆ ಪಳಗಿ ಬರಬೇಕು. ಪಾಲ್ ಸ್ಕೀನ್ಸ್ 2023ರ ಜುಲೈನಲ್ಲಿ ಆಯ್ಕೆಯಾಗಿ 2024ರ ಮೇನಲ್ಲೇ ಮೇಜರ್ ಲೀಗ್, ಅಂದರೆ ಅತ್ಯುನ್ನತ ಹಂತದ ಲೀಗ್ ಆಡಿದ. ಅಂಥವರು ಅಪರೂಪ. ಇವತ್ತಿನ ಖಾಲಿ ಜಾಗ ಅಲ್ಲಿಯವರೆಗೆ ಖಾಲಿ ಇರುತ್ತದೆಯೇ?

ಮೂರನೆಯದೇ ನಿಜವಾದ ಕೆಲಸ. ಇಲ್ಲಿ ನಿಧಾನ ಮಾಡಿ.

ಮೊದಲ 10 ಸುತ್ತಿನ ಪ್ರತಿ ಸ್ಥಾನಕ್ಕೂ ಒಂದು ನಿಗದಿ ಬೆಲೆ ಇದೆ. ಅದಕ್ಕೆ ಸ್ಲಾಟ್ ಅನ್ನುತ್ತಾರೆ. ನಿಮ್ಮ ಸ್ಲಾಟ್‌ಗಳನ್ನೆಲ್ಲ ಕೂಡಿದರೆ ಬರುವ ಮೊತ್ತವೇ ನಿಮ್ಮ ಬೋನಸ್ ನಿಧಿ. ಬೋನಸ್ ಅಂದರೆ ಸಹಿ ಹಾಕಿದ್ದಕ್ಕೆ ಹುಡುಗನಿಗೆ ಕೊಡುವ ಹಣ. 2012ರಲ್ಲಿ ಈ ಪದ್ಧತಿ ಬಂತು. ಜನ ತಪ್ಪು ತಿಳಿಯುವುದು ಇಲ್ಲೇ: ಸ್ಲಾಟ್ ಎಂದರೆ ಆ ಹುಡುಗನಿಗೆ ಕೊಡಲೇಬೇಕಾದ ಮೊತ್ತ ಅಲ್ಲ. ಒಬ್ಬನಿಗೆ ಕಡಿಮೆ ಕೊಟ್ಟು ಉಳಿಸಿದ್ದನ್ನು ಇನ್ನೊಬ್ಬನಿಗೆ ಸುರಿಯಬಹುದು. ನೋಡಬೇಕಾದದ್ದು ಒಟ್ಟು ಮೊತ್ತ ಮಾತ್ರ.

ಪದ್ಧತಿ ಬಂದ ಮೊದಲ ವರ್ಷವೇ ಹ್ಯೂಸ್ಟನ್ ಆಸ್ಟ್ರೋಸ್ ಇದನ್ನು ಅರೆದು ಕುಡಿದಿತ್ತು. ಮೊದಲ ಪಿಕ್, ಅಂದರೆ ಆರಿಸುವ ಮೊದಲ ಸರದಿ ಅವರದು, ಸ್ಲಾಟ್ 72 ಲಕ್ಷ ಡಾಲರ್. ಅವರು ಪೋರ್ಟೊ ರಿಕೊದ ಹೈಸ್ಕೂಲ್ ಹುಡುಗ ಕಾರ್ಲೋಸ್ ಕೊರೆಯನನ್ನು ಆರಿಸಿ 48 ಲಕ್ಷಕ್ಕೆ ಒಪ್ಪಿಸಿದರು. ಅವನು ಯಾಕೆ ಒಪ್ಪಿದ? ಕೆಳಗಿನ ಸ್ಥಾನಕ್ಕೆ ಜಾರಿದ್ದರೆ ಸ್ಲಾಟೂ ಇಳಿಯುತ್ತಿತ್ತು. ಕೈಗೆ ಬಂದ 48 ಲಕ್ಷ ಸಣ್ಣದಲ್ಲ. ತಮಾಷೆ ನೋಡಿ, ಎರಡನೇ ಸ್ಥಾನದಲ್ಲಿ ಆಯ್ಕೆಯಾದ ಬೈರನ್ ಬಕ್ಸ್‌ಟನ್‌ಗೆ ಸಿಕ್ಕಿದ್ದು 60 ಲಕ್ಷ!

ಉಳಿದ 24 ಲಕ್ಷ ಎಲ್ಲಿ ಹೋಯಿತು? ಜಾಸ್ತಿ ಹಣ ಕೇಳುತ್ತಾನೆ ಎಂದು ಬೇರೆ ತಂಡಗಳು ಬಿಟ್ಟಿದ್ದ ಲ್ಯಾನ್ಸ್ ಮೆಕಲರ್ಸ್ 41ನೇ ಸ್ಥಾನದವರೆಗೂ ಉಳಿದಿದ್ದ. ಅಲ್ಲಿ ಸ್ಲಾಟ್ 12.58 ಲಕ್ಷ, ಕೊಟ್ಟಿದ್ದು 25 ಲಕ್ಷ. ನಾಲ್ಕನೇ ಸುತ್ತಿನ ರಿಯೊ ರೂಯಿಜ್‌ಗೆ 18.5 ಲಕ್ಷ. ಆಸ್ಟ್ರೋಸ್ ಗೆದ್ದ 2017ರ ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಫೈನಲ್ ಸರಣಿ) ಏಳನೇ ಪಂದ್ಯದಲ್ಲಿ ಅವರ ಪರ ಪಿಚಿಂಗ್, ಅಂದರೆ ಚೆಂಡೆಸೆತ ಶುರು ಮಾಡಿದ್ದು ಇದೇ ಮೆಕಲರ್ಸ್, ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗದಲ್ಲಿ ನಿಂತಿದ್ದು ಇದೇ ಕೊರೆಯ. (ಆ ಗೆಲುವಿಗೆ ಎದುರಾಳಿ ಪಿಚರ್‌ಗೆ ಕೊಡುವ ಸನ್ನೆಗಳನ್ನು ಕದ್ದು ನೋಡಿದ ಕಳಂಕ ಮೆತ್ತಿಕೊಂಡಿದ್ದು ಬೇರೆ ಕಥೆ. ದಂಡದಲ್ಲಿ 50 ಲಕ್ಷ ಡಾಲರ್ ಜೊತೆಗೆ 2020 ಮತ್ತು 2021ರ ಮೊದಲೆರಡು ಸುತ್ತಿನ ಪಿಕ್‌ಗಳನ್ನೂ ಕಿತ್ತುಕೊಂಡರು. ಹೆಚ್ಚು ನೋವಾಗಿದ್ದು ಪಿಕ್ ಹೋದದ್ದಕ್ಕೇ ಎಂದು ನನ್ನ ಅಂದಾಜು.)

ಇದನ್ನೇ ನೀವು ಹಾಳೆಯಲ್ಲಿ ಮಾಡಿ. ಮೂರು ಕಾಲಂ ಸಾಕು: ಸ್ಲಾಟ್, ಹುಡುಗ ಕೇಳುವ ಮೊತ್ತ, ವ್ಯತ್ಯಾಸ. ಆರರಿಂದ ಹತ್ತನೇ ಸುತ್ತಿನಲ್ಲಿ ಒಂದಿಬ್ಬರು ಕಾಲೇಜಿನ ಕೊನೆ ವರ್ಷದವರನ್ನು ಹಾಕಿಕೊಳ್ಳಿ. ಅವರಿಗೆ ಮುಂದಿನ ವರ್ಷ ಕಾಲೇಜಿಗೆ ಮರಳುವ ದಾರಿ ಇಲ್ಲ, ಕೆಲವೇ ಸಾವಿರ ಡಾಲರ್‌ಗೆ ಸಹಿ ಹಾಕುತ್ತಾರೆ. ಕ್ರೂರ ಅನ್ನಿಸಬಹುದು, ಆದರೆ ಎಲ್ಲ ತಂಡಗಳೂ ಹೀಗೇ ಮಾಡುತ್ತವೆ.

ನಿಧಿಗಿಂತ ಶೇ 5ರವರೆಗೆ ಮೀರಿದರೆ, ಮೀರಿದ ಹಣದ ಮೇಲೆ ಶೇ 75 ತೆರಿಗೆ ಅಷ್ಟೇ. ಅದನ್ನು ಮೀರಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಹೋಗುತ್ತದೆ. ಆ ಶೇ 5 ಪೂರ್ತಿ ಬಳಸಿ. ಮಾಲೀಕರಿಗೆ ಅದು ಚಿಲ್ಲರೆ ಕಾಸು.

ಈಗ ಗುಂಡಿ ಎಲ್ಲಿದೆ ಹೇಳುತ್ತೇನೆ. ಮೊದಲ 10 ಸುತ್ತಿನಲ್ಲಿ ಆರಿಸಿದವನು ಸಹಿ ಹಾಕದಿದ್ದರೆ ಅವನ ಸ್ಲಾಟ್ ಹಣವೇ ನಿಧಿಯಿಂದ ಮಾಯ. 2014ರಲ್ಲಿ ಅದೇ ಆಸ್ಟ್ರೋಸ್ ಇದರಲ್ಲಿ ಬಿತ್ತು. ಮೊದಲ ಪಿಕ್ ಬ್ರೇಡಿ ಐಕನ್, ಸ್ಲಾಟ್ 79.2 ಲಕ್ಷ. ವೈದ್ಯಕೀಯ ತಪಾಸಣೆಯಲ್ಲಿ ಮೊಣಕೈ ಬಗ್ಗೆ ಅನುಮಾನ ಬಂತು, ತಂಡ ಮೊತ್ತ ಇಳಿಸಿತು, ಹುಡುಗ ಒಲ್ಲೆ ಎಂದ. ಅವನ ಸ್ಲಾಟ್ ಹೋದ ಮೇಲೆ ಐದನೇ ಸುತ್ತಿನ ಜೇಕಬ್ ನಿಕ್ಸ್‌ಗೆ ಕೊಡಲು ಹಣವೇ ಉಳಿಯಲಿಲ್ಲ. ಇಬ್ಬರೂ ಕೈತಪ್ಪಿದರು. ಮರುವರ್ಷ ಬದಲಿಯಾಗಿ ಸಿಕ್ಕ ಎರಡನೇ ಪಿಕ್‌ನಲ್ಲಿ ಮುಂದೆ ತಾರೆಯಾದ ಅಲೆಕ್ಸ್ ಬ್ರೆಗ್ಮನ್ ಬಂದ. ಅದು ಅದೃಷ್ಟ, ಯೋಜನೆ ಅಲ್ಲ.

ಆದ್ದರಿಂದ ಹೆಸರು ಹೇಳುವ ಮೊದಲೇ ಏಜೆಂಟ್ ಹತ್ತಿರ ಮೊತ್ತ ಕೇಳಿ. ನಾನು ಒಮ್ಮೆ ಕಾಸು ಕೊಟ್ಟು ಒಂದು ಡ್ರಾಫ್ಟ್ ಗೈಡ್ ಕೊಂಡಿದ್ದೆ. ರ‍್ಯಾಂಕ್ ಇತ್ತು, ಪಿಚ್‌ನ ವೇಗ ಇತ್ತು, ಯಾರು ಎಷ್ಟಕ್ಕೆ ಒಪ್ಪುತ್ತಾನೆ ಎಂಬ ಅಂದಾಜು ಮಾತ್ರ ಒಂದು ಸಾಲೂ ಇಲ್ಲ. ಸುಮ್ನೆ ದಂಡ.

ಯಾರನ್ನು ಆರಿಸಬೇಕು? ನನ್ನ ಮಾತು ಕೇಳುವುದಾದರೆ ಮೊದಲ ಸುತ್ತಿನಲ್ಲಿ ಕಾಲೇಜಿನ ಬ್ಯಾಟರ್. ಹೈಸ್ಕೂಲ್ ಪಿಚರ್ ಬೇಡವೇ ಬೇಡ. 1965ರಲ್ಲಿ ಡ್ರಾಫ್ಟ್ ಶುರುವಾದ ಮೇಲೆ ಹೈಸ್ಕೂಲ್‌ನ ಬಲಗೈ ಪಿಚರ್ ಒಬ್ಬನೂ ಮೊದಲ ಪಿಕ್ ಆಗಿಲ್ಲ. ಎಡಗೈಯವರು ಮೂವರೇ, ಮೂರನೆಯವನೇ ಐಕನ್. ಅವರಲ್ಲೊಬ್ಬ, 1991ರ ಬ್ರಯೆನ್ ಟೇಲರ್, ಜಗಳವೊಂದರಲ್ಲಿ ಭುಜಕ್ಕೆ ಭಾರೀ ಪೆಟ್ಟು ಮಾಡಿಕೊಂಡು ಮೇಜರ್ ಲೀಗ್ ಮೆಟ್ಟಿಲನ್ನೇ ಹತ್ತಲಿಲ್ಲ.

ಹನ್ನೊಂದನೇ ಸುತ್ತಿನಿಂದ ಸ್ಲಾಟ್ ಇಲ್ಲ. ಒಬ್ಬನಿಗೆ 1.5 ಲಕ್ಷ ಡಾಲರ್‌ವರೆಗೆ ಎಷ್ಟು ಕೊಟ್ಟರೂ ನಿಧಿ ಮುಟ್ಟುವುದಿಲ್ಲ, ಅದರ ಮೇಲಿನದು ನಿಧಿಯಿಂದ ಹೋಗುತ್ತದೆ. ನಮ್ಮ ಗುಂಪಿನವರು ಇಲ್ಲಿಗೆ ಬಂದಾಗ ಚಹಾ ಮಾಡಲು ಎದ್ದುಹೋಗುತ್ತಾರೆ. ನೀವು ಕೂತಿರಿ. ಕಾಲೇಜಿಗೇ ಹೋಗುತ್ತೇನೆ ಎಂದು ಪಟ್ಟು ಹಿಡಿದ ಒಬ್ಬ ಒಳ್ಳೆಯ ಹೈಸ್ಕೂಲ್ ಹುಡುಗನನ್ನು 11ನೇ ಸುತ್ತಿನಲ್ಲಿ ಹೆಸರಿಸಿ ಇಟ್ಟುಕೊಳ್ಳಿ. ಮೇಲಿನವನೊಬ್ಬ ಅಂದುಕೊಂಡದ್ದಕ್ಕಿಂತ ಕಡಿಮೆಗೆ ಒಪ್ಪಿದರೆ, ಉಳಿದ ಹಣ ಹಿಡಿದು ಅವನಿಗೆ ಫೋನ್ ಮಾಡಬಹುದು.