ಹಳೇ ಏರ್ ಕೂಲರ್ ತೆಗೆದು ಹೊಸದು ಹಾಕಿದೆ: ನಿಜಕ್ಕೂ ಸಿಕ್ಕಿದ್ದೇನು

ಮೊದಲೇ ಹೇಳಿಬಿಡುತ್ತೇನೆ. ಇದು ರೂಮಿನ ಕೂಲರ್ ಅಲ್ಲ, ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಕೂತು ಫ್ಯಾನಿನ ಗಾಳಿಯಿಂದ ಅದರ ಬಿಸಿ ಇಳಿಸುವ ಕೂಲರ್. ಹೊಸ ಏರ್ ಕೂಲರ್ ಹಾಕಿದ್ದರಿಂದ ನನ್ನ ಪ್ರೊಸೆಸರ್‌ನ ಬಿಸಿ ಇಳಿದದ್ದು ಏಳು ಡಿಗ್ರಿಯಷ್ಟು. ಅದಕ್ಕಿಂತ ಜಾಸ್ತಿ ಬಿಸಿ ಇಳಿಸಿದ್ದು ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಮೆನುವಿನಲ್ಲಿ, ಮಾಡಿದ ಎರಡು ಬದಲಾವಣೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹಾಗಾದರೆ ಕೂಲರ್‌ಗೆ ಕೊಟ್ಟ ದುಡ್ಡು ದಂಡವಾಯಿತಾ? ಇಲ್ಲ. ಆದರೆ ಅದು ಫಲ ಕೊಟ್ಟದ್ದು ಬೇರೆ ಕಡೆ.

ನಾನಿರುವುದು ಬಳ್ಳಾರಿಯಲ್ಲಿ. ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ನಮ್ಮ ಕಡೆ ಮದುವೆ ಸೀಸನ್ನೂ ಬಿಸಿಲೂ ಒಟ್ಟಿಗೇ ಬರುತ್ತವೆ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ಅಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ರೂಮಿನೊಳಗೆ ಮಧ್ಯಾಹ್ನ 34ರಷ್ಟಿರುತ್ತದೆ. ಅದೇ ಹೊತ್ತಿಗೆ ಎರಡು ಮೂರು ಮದುವೆಗಳ ಎಕ್ಸ್‌ಪೋರ್ಟ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೋ ಫೈಲ್ ಮಾಡುವ ಕೆಲಸ) ಒಂದರ ಹಿಂದೆ ಒಂದು ಓಡುತ್ತಿರುತ್ತದೆ. ಜೊತೆಗೆ ಕೆಂಪು ಧೂಳು. ಕ್ಯಾಬಿನೆಟ್ಟಿನ ಜಾಲರಿ ಒರೆಸಿದರೆ ಬಟ್ಟೆ ಕೆಂಪಾಗುತ್ತದೆ.

ನನ್ನ ಮೆಷಿನ್‌ನಲ್ಲಿರುವುದು ಎಎಂಡಿಯ ರೈಜೆನ್ 7 5800ಎಕ್ಸ್ ಪ್ರೊಸೆಸರ್, ಜೊತೆಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಕೂಲರ್ ಮಾತ್ರ ಇದಕ್ಕಿಂತ ಹಳೆಯದು. ಕೂಲರ್ ಮಾಸ್ಟರ್ ಹೈಪರ್ 212 ಇವೋ. ಇಂಟೆಲ್ ಐ7-3770 ಇದ್ದ ಕಾಲದಲ್ಲಿ ತಗೊಂಡದ್ದು. ಮೆಷಿನ್ ಬದಲಾದಾಗ ಎಎಂ4 (ಈ ರೈಜೆನ್ ಕೂರುವ ಸಾಕೆಟ್) ಕ್ಲಿಪ್ ಹಾಕಿಸಿ ಇದಕ್ಕೇ ಕೂರಿಸಿದ್ದೆ. ನಾಲ್ಕು ಹೀಟ್‌ಪೈಪ್ (ಶಾಖ ಸಾಗಿಸುವ ತಾಮ್ರದ ಕೊಳವೆ), ಒಂದು 120 ಮಿಲಿಮೀಟರ್ ಫ್ಯಾನ್. ಐ7 ಮೇಲೆ ಅದು ಸದ್ದೇ ಮಾಡದೆ ಕೆಲಸ ಮಾಡಿತ್ತು. 5800ಎಕ್ಸ್ ಮೇಲೆ ಕೂತ ಮೇಲೆ ಎಕ್ಸ್‌ಪೋರ್ಟ್ ಶುರುವಾದ ಕೂಡಲೇ 90 ಡಿಗ್ರಿ ತೋರಿಸತೊಡಗಿತು. ಈ ಚಿಪ್‌ಗೆ 90 ಅಂದರೆ ಮಿತಿ. ಅಲ್ಲಿಂದ ಮುಂದೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಅದೇ ಕೂಲರ್, ಒಂದು ಚಿಪ್ ಮೇಲೆ ತಂಪು, ಇನ್ನೊಂದರ ಮೇಲೆ ಬಿಸಿ. ಯಾಕೆ? ಈ ಲೆಕ್ಕ ತಿಳಿದ ಮೇಲೆ ಕೂಲರ್ ಬಗ್ಗೆ ನಾನು ಯೋಚಿಸುವ ರೀತಿಯೇ ಬದಲಾಯಿತು. ಐ7-3770 ತಿನ್ನುತ್ತಿದ್ದದ್ದು 77 ವ್ಯಾಟ್. ಅದರ ಸಿಲಿಕಾನ್ ತುಂಡು 160 ಚದರ ಮಿಲಿಮೀಟರ್. 5800ಎಕ್ಸ್‌ನ ಡಬ್ಬದ ಮೇಲೆ 105 ವ್ಯಾಟ್ ಅಂತ ಬರೆದಿದ್ದರೂ ಸಾಕೆಟ್‌ನಿಂದ ಅದು ಎಳೆದುಕೊಳ್ಳಬಹುದಾದದ್ದು 142 ವ್ಯಾಟ್. ಅದರಲ್ಲಿ ಹೆಚ್ಚಿನ ಪಾಲು ಎಂಟು ಕೋರ್ (ಲೆಕ್ಕ ಮಾಡುವ ಘಟಕ) ಇರುವ ಒಂದೇ ಚಿಕ್ಕ ತುಂಡಿನಲ್ಲಿ ಉರಿಯುತ್ತದೆ. ಆ ತುಂಡು ಸುಮಾರು 81 ಚದರ ಮಿಲಿಮೀಟರ್ ಅಷ್ಟೇ. ಅಂದರೆ ಶಾಖ ಹೆಚ್ಚುಕಡಿಮೆ ದುಪ್ಪಟ್ಟು, ಅದು ಹೊರಬರುವ ಜಾಗ ಅರ್ಧ. ಅದೂ ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳದ ನಟ್ಟನಡುವೆ ಅಲ್ಲ, ಒಂದು ಪಕ್ಕಕ್ಕೆ. ಆ ಚಿಕ್ಕ ಜಾಗದಿಂದ ತಾಮ್ರದ ಮುಚ್ಚಳಕ್ಕೆ ಶಾಖ ದಾಟುವ ದಾರಿಯೇ ಇಕ್ಕಟ್ಟು. ಆ ಇಕ್ಕಟ್ಟನ್ನು ಯಾವ ಕೂಲರ್ರೂ ಅಗಲ ಮಾಡಲಾರದು, ಏಕೆಂದರೆ ಕೂಲರ್ ಕೂರುವುದು ಮುಚ್ಚಳದ ಮೇಲೆ.

ಇದನ್ನು ಕೈಯಲ್ಲೇ ಪರೀಕ್ಷಿಸಬಹುದು. ಎಕ್ಸ್‌ಪೋರ್ಟ್ ಓಡುವಾಗ ಕೂಲರ್‌ನ ಅಲ್ಯೂಮಿನಿಯಂ ಫಿನ್‌ಗಳನ್ನು, ಅಂದರೆ ತೆಳು ಹಾಳೆಗಳನ್ನು, ಮೆಲ್ಲಗೆ ಮುಟ್ಟಿ ನೋಡಿ. ಫ್ಯಾನಿಗೆ ಬೆರಳು ತಾಗದಂತೆ ಹುಷಾರು. ಸಾಫ್ಟ್‌ವೇರ್ 90 ತೋರಿಸುತ್ತಿರುತ್ತದೆ, ಫಿನ್ ಬರೀ ಬೆಚ್ಚಗಿರುತ್ತದೆ. ಶಾಖ ಅಲ್ಲಿಗೆ ಬರುವ ಮೊದಲೇ ದಾರಿಯಲ್ಲಿ ಅಷ್ಟು ಡಿಗ್ರಿ ಏರಿ ಕೂತಿದೆ ಅಂತ ಅರ್ಥ. ಫಿನ್ನೇ ಸುಡುತ್ತಿದ್ದರೆ ಕಥೆ ಬೇರೆ. ಆಗ ಕೂಲರ್ ಸಾಲುತ್ತಿಲ್ಲ, ದೊಡ್ಡದು ಬೇಕೇ ಬೇಕು.

ಹೊಸದನ್ನು ತರುವ ಮೊದಲು ಹಳೆಯದಕ್ಕೆ ಒಂದು ನ್ಯಾಯವಾದ ಅವಕಾಶ ಕೊಟ್ಟೆ. ಬಿಚ್ಚಿ, ಫಿನ್‌ಗಳ ನಡುವಿನ ಧೂಳನ್ನು ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆದೆ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ಹಳೆಯದನ್ನು ಒರೆಸಿ ಹೊಸದು ಹಾಕಿದೆ. ಬೆಳಗ್ಗೆ ರೂಮು 27 ಡಿಗ್ರಿ ಇರುವಾಗ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನಿಬೆಂಚ್ ಸಾಫ್ಟ್‌ವೇರನ್ನು ಅರ್ಧ ಗಂಟೆ ಓಡಿಸಿದೆ. ಮೊದಲು 90ಕ್ಕೆ ಅಂಟಿಕೊಳ್ಳುತ್ತಿದ್ದದ್ದು 86ಕ್ಕೆ ಬಂತು. ಇದನ್ನು ಒತ್ತಿ ಹೇಳುತ್ತೇನೆ. ಹೊಸ ಕೂಲರ್ ಹಾಕಿ ಹತ್ತು ಡಿಗ್ರಿ ಇಳಿಯಿತು ಅನ್ನುವವರಲ್ಲಿ ಎಷ್ಟೋ ಜನಕ್ಕೆ ಅದರ ಒಂದು ಪಾಲು ಬಂದಿರುವುದು ಹೊಸ ಪೇಸ್ಟ್‌ನಿಂದ, ಧೂಳು ಹೋದದ್ದರಿಂದ. ಹಳೆಯದನ್ನು ತೊಳೆದು ಒರೆಸಿ ಅಳೆಯದಿದ್ದರೆ ಹೊಸದು ಎಷ್ಟು ಕೊಟ್ಟಿತು ಅಂತ ಗೊತ್ತಾಗುವುದೇ ಇಲ್ಲ ಅಲ್ವಾ?

ಬಿಚ್ಚುವಾಗ ಒಂದು ಎಚ್ಚರಿಕೆ. ಎಎಂ4 ಪ್ರೊಸೆಸರ್‌ಗೆ ಕೆಳಗೆ ಪಿನ್ ಇರುತ್ತವೆ. ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ ಕೂಲರ್ ಮೇಲೆತ್ತಿದಾಗ ಸಾಕೆಟ್‌ನಿಂದ ಪ್ರೊಸೆಸರ್ರೇ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಮೊದಲು ಹತ್ತು ನಿಮಿಷ ಮೆಷಿನ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಸಡಿಲವಾದ ಮೇಲೆ ಎತ್ತಿ.

ಇನ್ನೊಂದು ಪರೀಕ್ಷೆ: ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಓಡಿಸುವುದು. ನನ್ನದರಲ್ಲಿ ಮೂರು ಡಿಗ್ರಿ ಇಳಿಯಿತು. ಅಷ್ಟಾದರೆ ಪರವಾಗಿಲ್ಲ. ಎಂಟು ಹತ್ತು ಇಳಿದರೆ ತಪ್ಪು ಕೂಲರ್‌ದಲ್ಲ, ಒಳಗೆ ಗಾಳಿಯೇ ಆಡುತ್ತಿಲ್ಲ. ಮುಂದುಗಡೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್‌ಗಳಲ್ಲಿ ಇದು ಸಾಮಾನ್ಯ. ಅಂಥವರು ಮೊದಲು ಎರಡು ಕೇಸ್ ಫ್ಯಾನ್ ಹಾಕಿಸಿ. ಗ್ರಾಫಿಕ್ಸ್ ಕಾರ್ಡ್‌ನ ಬಿಸಿಯೂ ಇಲ್ಲಿಗೇ ಸೇರುತ್ತದೆ. 3060 ಪೂರ್ತಿ ಓಡಿದರೆ 170 ವ್ಯಾಟ್. ಆ ಬಿಸಿಗಾಳಿ ಮೇಲೇರಿ ನೇರ ಪ್ರೊಸೆಸರ್ ಕೂಲರ್‌ಗೇ ಹೋಗುತ್ತದೆ. ಎರಡೂ ಒಟ್ಟಿಗೆ ದುಡಿಯುವಾಗ ನನ್ನ ಪ್ರೊಸೆಸರ್ ಐದಾರು ಡಿಗ್ರಿ ಜಾಸ್ತಿ ತೋರಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ತರಿಸಿದೆ. ನಾಲ್ಕು ಸಾವಿರದ ಆಸುಪಾಸು. ಎರಡು ಗೋಪುರ, ಆರು ಹೀಟ್‌ಪೈಪ್, ಎರಡು 120 ಮಿಲಿಮೀಟರ್ ಫ್ಯಾನ್. ಎತ್ತರ 155 ಮಿಲಿಮೀಟರ್. ಕೊಳ್ಳುವ ಮೊದಲು ನಿಮ್ಮ ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಅಂತ ನೋಡಿಕೊಳ್ಳಿ. ರ‍್ಯಾಮ್ ಎತ್ತರದ್ದಾದರೆ ಮುಂದಿನ ಫ್ಯಾನನ್ನು ಸ್ವಲ್ಪ ಮೇಲಕ್ಕೆ ಕ್ಲಿಪ್ ಮಾಡಬೇಕಾಗುತ್ತದೆ, ಆಗ ಆ ಎತ್ತರವೂ ಸೇರುತ್ತದೆ.

ಅದೇ ಬೆಳಗಿನ ಹೊತ್ತು, ಅದೇ 27 ಡಿಗ್ರಿ, ಅದೇ ಸಿನಿಬೆಂಚ್. ಫಲಿತಾಂಶ 79. ಹಳೆಯದಕ್ಕಿಂತ ಏಳು ಡಿಗ್ರಿ ಕಡಿಮೆ. ಮಧ್ಯಾಹ್ನ ರೂಮು 34 ಆದಾಗ 86. ರೂಮಿನ ಬಿಸಿ ಎಷ್ಟು ಏರಿತೋ ಚಿಪ್‌ನದೂ ಅಷ್ಟೇ ಏರಿತು. ಏರ್ ಕೂಲರ್ ಅಂದರೆ ಹಾಗೇ. ರೂಮಿನ ಗಾಳಿಗಿಂತ ತಂಪು ಮಾಡಲು ಅದಕ್ಕೆ ಸಾಧ್ಯವಿಲ್ಲ. ತಂಪು ಊರಿನಲ್ಲಿ, ಎಸಿ ರೂಮಿನಲ್ಲಿ ಮಾಡಿದ ವಿಮರ್ಶೆಯ ಅಂಕಿಗಳನ್ನು ನಮ್ಮ ಕಡೆಯವರು ಹಾಗೇ ನಂಬಬಾರದು. ರೂಮಿಗಿಂತ ಎಷ್ಟು ಡಿಗ್ರಿ ಮೇಲೆ ಅನ್ನುವುದನ್ನು ಮಾತ್ರ ತಗೊಂಡು, ಅದಕ್ಕೆ ನಿಮ್ಮ ರೂಮಿನ ಬಿಸಿ ಕೂಡಿಸಿಕೊಳ್ಳಿ.

ವೇಗದ ಲೆಕ್ಕದಲ್ಲಿ ಲಾಭ ಸಣ್ಣದು. ಮಧ್ಯಾಹ್ನದ ಹೊತ್ತು ಮೊದಲು 4.3 ಗಿಗಾಹರ್ಟ್ಸ್ ಸುತ್ತಮುತ್ತ ಇರುತ್ತಿದ್ದದ್ದು ಈಗ 4.45 ಹತ್ತಿರ ನಿಲ್ಲುತ್ತದೆ. ಒಂದು ಗಂಟೆಯ ಎಕ್ಸ್‌ಪೋರ್ಟ್ ಎರಡು ನಿಮಿಷ ಬೇಗ ಮುಗಿಯಬಹುದು. ಬರೀ ಅದಕ್ಕಾಗಿ ನಾಲ್ಕು ಸಾವಿರ ಕೊಡಬೇಡಿ.

ನನಗೆ ಬೆಲೆ ಸಿಕ್ಕಿದ್ದು ಸದ್ದಿನಲ್ಲಿ. ಹಳೆಯದು ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸಿ ಕೊಡುತ್ತಿದ್ದ 86 ಡಿಗ್ರಿಯನ್ನು, ಹೊಸದು 800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಹತ್ತಿರವೇ ಕೊಟ್ಟಿತು. ಫ್ಯಾನ್‌ಗಳ ಲೆಕ್ಕದಲ್ಲಿ ವೇಗ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಇದು ಬಹಳ ದೊಡ್ಡ ವ್ಯತ್ಯಾಸ. ಎಕ್ಸ್‌ಪೋರ್ಟ್ ಓಡುತ್ತಿರುವಾಗಲೇ ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಮದುವೆಯ ಆಡಿಯೋ ಕೇಳುತ್ತೇನೆ. ಹಿನ್ನೆಲೆಯಲ್ಲಿ ಅಜ್ಜಿಯರು ಮೆಲುದನಿಯಲ್ಲಿ ಸೋಬಾನೆ ಹಾಡುತ್ತಿರುತ್ತಾರೆ, ಓಲಗದ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತಿರುತ್ತದೆ. ಅದನ್ನು ಎತ್ತಿ ಕೇಳಿಸುವಂತೆ ಮಾಡುವುದು ನನ್ನ ಕೆಲಸದಲ್ಲಿ ನನಗೆ ತುಂಬ ಇಷ್ಟದ ಭಾಗ. ಫ್ಯಾನ್ ಗುಂಯ್ಗುಡುವ ರೂಮಿನಲ್ಲಿ ಆ ಕೆಲಸ ಆಗುವುದಿಲ್ಲ.

ಫ್ಯಾನ್ ವೇಗ ಪದೇ ಪದೇ ಏರಿಳಿದರೆ ಇನ್ನೂ ಕಿರಿಕಿರಿ. ರೈಜೆನ್ ಚಿಪ್ ಒಂದು ಫೋಲ್ಡರ್ ತೆರೆದರೂ ಕ್ಷಣಕಾಲ ಬಿಸಿಯೇರುತ್ತದೆ. ಬಯಾಸ್‌ನ ಫ್ಯಾನ್ ಸೆಟ್ಟಿಂಗ್‌ನಲ್ಲಿ, ವೇಗ ಏರುವ ಮೊದಲು ಕೆಲವು ಸೆಕೆಂಡ್ ಕಾಯುವಂತೆ ಇಡಿ. 70 ಡಿಗ್ರಿ ತನಕ ಒಂದೇ ವೇಗ ಕೊಡಿ. ಈ ತೊಂದರೆ ಮಾಯ.

ಈಗ ಬಯಾಸ್ ವಿಷಯ. ಪಿಬಿಓ ಅನ್ನುವ ಮೆನುವಿನಲ್ಲಿ ಪಿಪಿಟಿಯನ್ನು, ಅಂದರೆ ಚಿಪ್ ಸಾಕೆಟ್‌ನಿಂದ ಎಳೆದುಕೊಳ್ಳಬಹುದಾದ ವ್ಯಾಟ್ ಮಿತಿಯನ್ನು, 142ರಿಂದ 110 ವ್ಯಾಟ್‌ಗೆ ಇಳಿಸಿದೆ. ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 20 ಕೊಟ್ಟೆ. ಅಂದರೆ ಅದೇ ವೇಗಕ್ಕೆ ಸ್ವಲ್ಪ ಕಡಿಮೆ ವೋಲ್ಟೇಜ್. ಮಧ್ಯಾಹ್ನದ 86 ಈಗ 75. ವೇಗ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಕರೆಂಟು ಹೋದಾಗ ಯುಪಿಎಸ್ ಕೂಡ ಸ್ವಲ್ಪ ಹೆಚ್ಚು ಹೊತ್ತು ಬರುತ್ತದೆ, ನಮ್ಮಂಥವರಿಗೆ ಅದೂ ಮುಖ್ಯ. ಮೈನಸ್ 30ರ ಆಸೆಗೆ ಬೀಳಬೇಡಿ. ಚಿಪ್‌ನಿಂದ ಚಿಪ್‌ಗೆ ಇದು ಬೇರೆ. ಕೆಲವು ಕೆಲಸದ ಒತ್ತಡದಲ್ಲಿ ಸರಿಯಾಗಿ ಓಡಿ, ಸುಮ್ನೆ ಖಾಲಿ ಕೂತಾಗ ರೀಸ್ಟಾರ್ಟ್ ಆಗುತ್ತವೆ. ಐದೈದು ಅಂಕೆಯಂತೆ ಇಳಿಸಿ, ಕೆಲವು ದಿನ ಬಳಸಿ ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಹೊಸ ಕೂಲರ್‌ಗಳಲ್ಲಿ ತಂತ್ರ ಬದಲಾಗಿದೆಯಾ ಅಂತ ಕೆಲವರು ಕೇಳುತ್ತಾರೆ. ಮೂಲ ತಂತ್ರ ಅದೇ. ಹೀಟ್‌ಪೈಪ್ ಅಂದರೆ ಒಳಗಿನ ಗಾಳಿ ತೆಗೆದು ಸ್ವಲ್ಪವೇ ನೀರು ಹಾಕಿ ಮುಚ್ಚಿದ ತಾಮ್ರದ ಕೊಳವೆ. ಒತ್ತಡ ಕಡಿಮೆ ಇರುವುದರಿಂದ ನೀರು ಬೇಗ ಆವಿಯಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಹಬೆ ತಾಗಿ ಹನಿಯಾಗುವಂತೆ, ಫಿನ್ ಇರುವ ತಣ್ಣನೆಯ ತುದಿಯಲ್ಲಿ ಆ ಆವಿ ಮತ್ತೆ ನೀರಾಗಿ, ಒಳಗೋಡೆಯ ಸಣ್ಣ ರಂಧ್ರಗಳ ಪದರದ ಮೂಲಕ ಕೆಳಗೆ ಬರುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ಮಾಡಿ ತೋರಿಸಿದ್ದು ಇದನ್ನೇ. ನಮ್ಮ ಇಸ್ರೋ ಉಪಗ್ರಹಗಳಲ್ಲೂ ಶಾಖ ಹರಡಲು ಹೀಟ್‌ಪೈಪ್ ಬಳಸುತ್ತಾರೆ. ಹಾಗಾಗಿ ಹತ್ತು ವರ್ಷದ ಕೂಲರ್ ಹಳತಾಯಿತು ಅಂತ ಎಸೆಯಬೇಕಿಲ್ಲ. ಸವೆಯುವುದು ಫ್ಯಾನ್ ಮಾತ್ರ, ಅದನ್ನು ಬದಲಿಸಬಹುದು.

ದೊಡ್ಡ ಕೂಲರ್ ಈಗಾಗಲೇ ಇರುವವರಿಗೆ ಇದು ಇನ್ನೂ ನಿಜ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಡಿ15 ಬಂದದ್ದು 2014ರಲ್ಲಿ, ಆರು ಹೀಟ್‌ಪೈಪ್. ಅದರ ಜಿ2 ಬಂದದ್ದು 2024ರಲ್ಲಿ, ಎಂಟು ಹೀಟ್‌ಪೈಪ್, ಬಂದಾಗ ಬೆಲೆ 149.90 ಡಾಲರ್. ಹತ್ತು ವರ್ಷದ ದುಡಿಮೆಯ ಫಲ ಕೆಲವೇ ಡಿಗ್ರಿ. ಡಿ15 ಇಟ್ಟುಕೊಂಡವರು ಜಿ2ಗೆ ಹೋಗುವುದು ನನ್ನ ಮಟ್ಟಿಗೆ ಬೇಡ. ಹೊಸ ಸಾಕೆಟ್‌ಗೆ ಬೇಕಾದ ಕಿಟ್ ತರಿಸಿಕೊಂಡರೆ ಸಾಕು.

ಎಎಂ4 ನಂತರದ ಸಾಕೆಟ್ ಎಎಂ5ನ ರೈಜೆನ್ 7000 ಸಾಲಿನ ದೊಡ್ಡ ಚಿಪ್ ಇದ್ದರೆ ಡಿಗ್ರಿ ನೋಡಿ ಗಾಬರಿಯಾಗಬೇಡಿ. ಅವು 95 ತನಕ ಏರಿ ಅಲ್ಲೇ ನಿಲ್ಲುವಂತೆಯೇ ಮಾಡಿರುವುದು. ಒಳ್ಳೇ ಕೂಲರ್ ಹಾಕಿದರೂ ಪೂರ್ತಿ ಕೆಲಸದಲ್ಲಿ 95 ತೋರಿಸಬಹುದು, ವೇಗ ಮಾತ್ರ ಸ್ವಲ್ಪ ಏರುತ್ತದೆ. ಇಂಟೆಲ್ ಐ9-13900ಕೆ ಥರದ 253 ವ್ಯಾಟ್ ಚಿಪ್‌ಗೆ, ನಮ್ಮ ಬಿಸಿಲಿನಲ್ಲಿ, ಯಾವ ಏರ್ ಕೂಲರ್ ಹಾಕಿದರೂ ವ್ಯಾಟ್ ಮಿತಿ ಇಳಿಸದೆ ಬೇರೆ ದಾರಿ ನನಗೆ ಕಾಣುವುದಿಲ್ಲ. ರೈಜೆನ್ 5 5600 ಥರ 76 ವ್ಯಾಟ್ ಒಳಗೇ ಇರುವ ಚಿಪ್ ಆದರೆ ಹಳೇ 212 ಧಾರಾಳ ಸಾಕು. ಧೂಳು ತೆಗೆದು, ಪೇಸ್ಟ್ ಬದಲಿಸಿ, ನಾಲ್ಕು ಸಾವಿರವನ್ನು ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಇಟ್ಟುಕೊಳ್ಳಿ.