ಕಾರಿನ ಹಿಂಭಾಗ ಸೊಂಟ ಆಡಿಸ್ತಿದ್ರೆ ಎಲ್ಲಿಂದ ನೋಡ್ಬೇಕು?

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗ್ತಾ ಮಂಡಗದ್ದೆ ಹತ್ರದ ತಿರುವಲ್ಲಿ ನಂಗೆ ಮೊದಲು ಡೌಟ್ ಬಂದಿದ್ದು. ಮುಂದಿನ ಚಕ್ರ ತಿರುಗಿಸಿದ ಕಡೆ ಹೋಗ್ತಿದೆ, ಆದ್ರೆ ಆಕ್ಸಿಲರೇಟರ್ ಬಿಟ್ಟ ತಕ್ಷಣ ಹಿಂದೆ ಯಾರೋ ಡಿಕ್ಕಿ ಹಿಡ್ಕೊಂಡು ಪಕ್ಕಕ್ಕೆ ಎಳೆದಂಗೆ ಆಗುತ್ತೆ. ಅಲೈನ್‌ಮೆಂಟ್ (ಚಕ್ರಗಳು ಸರಿಯಾದ ಕೋನದಲ್ಲಿದ್ಯಾ ಅಂತ ಅಳೆದು ಸರಿ ಮಾಡೋದು) ಮಾಡಿಸಿದೆ, ಆ ಎಳೆತ ಹೋಗ್ಲಿಲ್ಲ. ಆಮೇಲೆ ನೋಡಿದ್ರೆ ಅವ್ರು ಮುಂದಿನ ಎರಡು ಚಕ್ರ ಮಾತ್ರ ನೋಡಿ ಕಳ್ಸಿದ್ರು!

ಖರ್ಚಿಲ್ಲದ್ದು ಮೊದಲು. ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ, ಟೈರ್ ತಣ್ಣಗಿದ್ದಾಗ ಗಾಳಿ ನೋಡಿ, ಎಷ್ಟಿರ್ಬೇಕು ಅಂತ ಡ್ರೈವರ್ ಬಾಗಿಲ ಹತ್ರ ಇಲ್ಲಾ ಪೆಟ್ರೋಲ್ ಮುಚ್ಚಳದ ಒಳಗೆ ಸ್ಟಿಕ್ಕರ್ ಇರುತ್ತೆ. ಟೈರ್ ಪಕ್ಕದಲ್ಲಿ 2319 ಅಂತಿದ್ರೆ ಅದು 2019ರ 23ನೇ ವಾರದ್ದು, ಮೇಲಿನ ಗೆರೆಗಳು ಚೆನ್ನಾಗಿ ಕಂಡ್ರೂ ರಬ್ಬರ್ ಗಟ್ಟಿಯಾಗಿರುತ್ತೆ, ನಮ್ಮ ಮಳೇಲಿ ಹಿಡಿಯಲ್ಲ. ಇನ್ನೊಂದು, ಎರಡೇ ಹೊಸ ಟೈರ್ ಹಾಕ್ಸಿದ್ರೆ ಹಿಂದಕ್ಕೆ ಹಾಕ್ಸಿ. ಎಂಜಿನ್ ಮುಂದಿನ ಚಕ್ರ ಎಳೆಯುತ್ತಲ್ವಾ ಅಂತ ಎಲ್ರೂ ಮುಂದಕ್ಕೆ ಹಾಕ್ಸೋದು, ಒದ್ದೆ ರೋಡಲ್ಲಿ ಮುಂದೆ ಜಾರಿದ್ರೆ ಹೆಂಗೋ ಸಂಭಾಳಿಸ್ಬಹುದು, ಹಿಂದೆ ಜಾರಿದ್ರೆ ಗಾಡಿ ಸುತ್ತುತ್ತೆ ಮಾರಾಯ್ರೆ.

ಒದ್ದೇಲಿ ಮಾತ್ರ ಆಗೋದಾದ್ರೆ ಹೆಚ್ಚಾಗಿ ಟೈರೇ. ಹಂಪ್ ಹಾರಿದ್ಮೇಲೂ ಕುಣೀತಾನೇ ಇದ್ರೆ ಶಾಕ್ ಅಬ್ಸಾರ್ಬರ್, ಅದ್ರ ಮೈ ಮೇಲೆ ಎಣ್ಣೆ ಸೋರಿ ಧೂಳು ಅಂಟಿದ್ಯಾ ನೋಡಿ. ಸ್ಪೀಡ್ ಜಾಸ್ತಿ ಆದಂಗೆ ಗುಂಯ್ ಶಬ್ದ ಬಂದ್ರೆ ಬೇರಿಂಗ್.

ನನ್ ಕೇಸಲ್ಲಿ ಇದ್ಯಾವುದೂ ಅಲ್ಲ. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಂದೆ ಜಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರ್ಸಿ (ಬರೀ ಜಾಕ್ ನಂಬಿ ಕೆಳಗೆ ನುಗ್ಬೇಡಿ), ಚಕ್ರದ ಮೇಲೆ-ಕೆಳಗೆ, ಆಮೇಲೆ ಎಡ-ಬಲ ಹಿಡಿದು ಅಲ್ಲಾಡ್ಸಿದ್ವಿ. ಸ್ವಲ್ಪ ಟಕ್ ಅಂತು. ಮೆಕ್ಯಾನಿಕ್ ಟ್ರೇಲಿಂಗ್ ಆರ್ಮ್ (ಹಿಂದಿನ ಚಕ್ರವನ್ನ ಗಾಡಿ ಮೈಗೆ ಜೋಡಿಸೋ ಉದ್ದನೆ ತೋಳು) ಸಂದಿಗೆ ಲಿವರ್ ಹಾಕಿ ಮೀಟಿದ, ಆ ಜೋಡಣೇಲಿ ಕೂರೋ ಬುಷ್‌ನ ರಬ್ಬರ್ ಹಳೇ ಹವಾಯಿ ಚಪ್ಪಲಿ ತರ ಬಾಯಿ ಬಿಡ್ತು. ನಿಂತಿರೋ ಗಾಡಿಗೆ ಅಲೈನ್‌ಮೆಂಟ್ ರೀಡಿಂಗ್ ಸರಿ ಬರುತ್ತೆ, ಆಕ್ಸಿಲರೇಟರ್ ಬಿಟ್ರೆ ಇಲ್ಲಾ ಬ್ರೇಕ್ ಹೊಡೆದ್ರೆ ರಬ್ಬರ್ ಸರಿದು ಹಿಂದಿನ ಚಕ್ರ ಹೊರಕ್ಕೆ ಮುಖ ಮಾಡುತ್ತೆ, ಅದೇ ಆ ಎಳೆತ.

ಬುಷ್ ಎರಡೂ ಕಡೆ ಒಟ್ಟಿಗೇ ಬದಲಾಯ್ಸಿ. ಮುಖ್ಯ ವಿಷ್ಯ ಏನಂದ್ರೆ, ಬೋಲ್ಟಿನ ಕೊನೇ ಟೈಟು ಚಕ್ರದ ಮೇಲೆ ಗಾಡಿ ಭಾರ ಬಿದ್ದಾಗ್ಲೇ ಮಾಡ್ಬೇಕು, ನೇತಾಡ್ತಿರುವಾಗ ಬಿಗಿದ್ರೆ ರಬ್ಬರ್ ಇಡೀ ದಿನ ತಿರುಚ್ಕೊಂಡೇ ಇದ್ದು ಬೇಗ ಹರಿಯುತ್ತೆ. ರಬ್ಬರ್ ಬದಲು ಗಟ್ಟಿ ಪ್ಲಾಸ್ಟಿಕ್ ತರದ ಪಾಲಿಯುರೆಥೇನ್ ಬುಷ್ ಹಾಕ್ಸು ಅಂತ ಹೇಳೋರಿದ್ದಾರೆ, ನಮ್ಮ ಗುಂಡಿ ರೋಡಿಗೆ ನಾನಂತೂ ಹಾಕ್ಸಲ್ಲ, ಶಬ್ದ ತಡ್ಯಕ್ಕಾಗಲ್ಲ.

ಕೊನೇಗೆ ನಾಲ್ಕೂ ಚಕ್ರದ ಅಲೈನ್‌ಮೆಂಟ್. ಹಿಂದಿನ ಟೋ (ಮೇಲಿಂದ ನೋಡಿದ್ರೆ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರೋ ಕೋನ) ಎರಡೂ ಕಡೆ ಸಮ ಇದ್ದು ಸ್ವಲ್ಪ ಒಳಮುಖ ಇರ್ಬೇಕು, ಪ್ರಿಂಟ್ ಕೇಳಿ ತಗೊಳ್ಳಿ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ತರ ಮಲ್ಟಿಲಿಂಕ್ (ಹಿಂದಿನ ಒಂದೊಂದು ಚಕ್ರಕ್ಕೂ ಬೇರೆ ಬೇರೆ ತೋಳುಗಳು) ಇದ್ರೆ ಇದನ್ನ ಅಡ್ಜಸ್ಟ್ ಮಾಡ್ಬಹುದು, ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ತರ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರ ಸೇರಿಸೋ ಒಂದೇ ಅಡ್ಡ ತೊಲೆ) ಆದ್ರೆ ತಿರುಗ್ಸೋಕೆ ಬೋಲ್ಟೇ ಇಲ್ಲ, ರೀಡಿಂಗ್ ತಪ್ಪಿದ್ರೆ ಬೀಮ್ ಬಗ್ಗಿದ್ಯಾ ನೋಡ್ಬೇಕು.

ಟೆಸ್ಟ್ ಮಾಡೋಕೆ ಸೀದಾ ಆಗುಂಬೆ ಘಾಟಿಗೆ ಹೋಗ್ಬೇಡಿ, 14 ಹೇರ್‌ಪಿನ್ನು, ಎದುರಿಂದ ಬಸ್ಸು ಬೇರೆ. ಖಾಲಿ ರೋಡಲ್ಲಿ ನಿಧಾನಕ್ಕೆ ಓಡ್ಸಿ, ನೂರು ಕಿಲೋಮೀಟರ್ ಆದ್ಮೇಲೆ ವೀಲ್ ಬೋಲ್ಟ್ ಇನ್ನೊಂದ್ಸಲ ಚೆಕ್ ಮಾಡ್ಸಿ.